ಸಹಾಯ ಬೇಕು: ಬ್ರಾಂಚ್ ಕಂಪ್ಯೂಟರ್‌ಗಳಿಗೆ ರಿಮೋಟ್ ಸೆಷನ್ ಕನೆಕ್ಟ್ ಆಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮ ಹುಬ್ಬಳ್ಳಿ ಬ್ರಾಂಚಿನ ಕಂಪ್ಯೂಟರ್‌ಗಳನ್ನು ಬೆಂಗಳೂರಿನಿಂದಲೇ ನಾನು ನೋಡಿಕೊಳ್ಳುತ್ತೇನೆ. ಸೋಮವಾರದಿಂದ ರಿಮೋಟ್ ಸಪೋರ್ಟ್ ಸೆಷನ್ ಶುರುವೇ ಆಗುತ್ತಿಲ್ಲ. ಅಲ್ಲಿಯವರು ಕೋಡ್ ಹಾಕುತ್ತಾರೆ, "ಕನೆಕ್ಟಿಂಗ್" ಅಂತ ಸುತ್ತುತ್ತಲೇ ಇರುತ್ತದೆ, ಆಮೇಲೆ ಟೈಮ್‌ಔಟ್. ಅದೇ ಲ್ಯಾಪ್‌ಟಾಪ್ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ತಕ್ಷಣ ಸಿಗುತ್ತದೆ. ಅಂದರೆ ತೊಂದರೆ ಬ್ರಾಂಚಿನ ನೆಟ್‌ವರ್ಕಿನಲ್ಲೇ, ಅಲ್ವಾ?

443 ಪೋರ್ಟ್ (ಸುರಕ್ಷಿತ ವೆಬ್ ಸಂಪರ್ಕ ಹೋಗುವ ದಾರಿ) ತೆರೆದಿದೆ, ಬ್ರೌಸರ್ ಚೆನ್ನಾಗಿ ನಡೆಯುತ್ತಿದೆ. ಹೊಸ ಫೈರ್‌ವಾಲ್‌ನಲ್ಲಿ ಎಸ್‌ಎಸ್‌ಎಲ್ ಇನ್‌ಸ್ಪೆಕ್ಷನ್ (ಗೂಢಲಿಪಿಯಲ್ಲಿ ಹೋಗುವ ಡೇಟಾವನ್ನು ಮಧ್ಯದಲ್ಲಿ ಬಿಚ್ಚಿ ಪರೀಕ್ಷಿಸುವುದು) ಆನ್ ಇದೆ. ನನಗೆ ಅದರ ಮೇಲೇ ಅನುಮಾನ ಜಾಸ್ತಿ. ಸಪೋರ್ಟ್ ಸಾಫ್ಟ್‌ವೇರ್‌ನ ಸರ್ವರ್ ವಿಳಾಸಗಳನ್ನು ಮಾತ್ರ ಅದರಿಂದ ಹೊರಗಿಟ್ಟರೆ ಸಾಕಾ, ಬೇರೆ ಪೋರ್ಟ್‌ಗಳನ್ನೂ ತೆರೆಯಬೇಕಾ? ಫೈರ್‌ವಾಲನ್ನೇ ಆಫ್ ಮಾಡಿ ಅಂತ ಮಾತ್ರ ಹೇಳಬೇಡಿ, ಅಲ್ಲಿ ಎಲ್ಲರ ಸಂಬಳದ ಲೆಕ್ಕ ಇದೆ. ತಿಂಗಳ ಕೊನೆ, ಬಿಲ್ಲಿಂಗ್ ನಿಂತಿದೆ. ಗೊತ್ತಿದ್ದವರು ದಯವಿಟ್ಟು ತಿಳಿಸಿ.