ಪದಚರ್ಚೆ: ಎಳೆನೋವು, ಬಲಿತ ನೋವು - ಹೆರಿಗೆ ವಾರ್ಡಿಗೆ ಈ ಪದಗಳು ಆಗುತ್ತವಾ?

ಎಲ್ಲರಿಗೂ ನಮಸ್ಕಾರ.

ಚೊಚ್ಚಲ ಬಸುರಿಯರಿಗೆ ಮತ್ತು ಅವರ ಜೊತೆ ಆಸ್ಪತ್ರೆಗೆ ಬರುವ ಅಮ್ಮ, ಅತ್ತೆಯರಿಗೆ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಎರಡು ಪದಗಳ ಹತ್ತಿರ ಕೆಲಸ ನಿಂತಿದೆ.

ಹೆರಿಗೆಯ ಮೊದಲ ಹಂತವನ್ನು ವೈದ್ಯರು ಲೇಟೆಂಟ್ ಫೇಸ್, ಆಕ್ಟಿವ್ ಫೇಸ್ ಎಂದು ಎರಡು ಭಾಗ ಮಾಡುತ್ತಾರೆ. ಮೊದಲನೆಯದರಲ್ಲಿ ಗರ್ಭಕೋಶದ ಬಾಯಿ ನಿಧಾನಕ್ಕೆ ತೆರೆಯುತ್ತದೆ. ಎರಡನೆಯದರಲ್ಲಿ ನೋವು ಜೋರಾಗಿ, ಮೇಲಿಂದ ಮೇಲೆ ಬರುತ್ತದೆ, ಬಾಯಿ ಬೇಗ ಬೇಗ ತೆರೆಯುತ್ತದೆ. ಪಠ್ಯಪುಸ್ತಕದ ರೀತಿಯಲ್ಲಿ ಇವನ್ನು ‘ಸುಪ್ತ ಹಂತ’, ‘ಸಕ್ರಿಯ ಹಂತ’ ಎನ್ನಬಹುದು. ಆದರೆ ರಾತ್ರಿಯೆಲ್ಲ ನೋವು ತಿಂದವಳಿಗೆ ‘ಸುಪ್ತ’ ಎಂದರೆ ಏನು ಅರ್ಥವಾಗಬೇಕು? ಮಾತಿನಲ್ಲಿ ಇದಕ್ಕೆ ‘ಸುಳ್ಳು ನೋವು’ ಎನ್ನುವುದನ್ನೂ ಕೇಳಿದ್ದೇನೆ. ಅದು ತಪ್ಪು. ಸುಳ್ಳು ನೋವಿನಲ್ಲಿ ಬಾಯಿ ತೆರೆಯುವುದಿಲ್ಲ. ಇಲ್ಲಿ ತೆರೆಯುತ್ತಿರುತ್ತದೆ. ನಿಜವಾದ ನೋವನ್ನು ಸುಳ್ಳು ಅಂದರೆ ಅವಳಿಗೆ ಎಷ್ಟು ಬೇಜಾರಾಗಬೇಡ!

ಮೊದಲನೆಯದು ಮುಗಿದು ಎರಡನೆಯದು ಯಾವಾಗ ಶುರುವಾಯಿತು ಎಂಬುದರ ಮೇಲೆ ಚಿಕಿತ್ಸೆಯೇ ಬದಲಾಗುತ್ತದೆ. 1972ರಲ್ಲಿ ಫಿಲ್ಪಾಟ್ ಮತ್ತು ಕ್ಯಾಸಲ್ ಎಂಬ ವೈದ್ಯರು ಅಂದಿನ ರೊಡೇಷಿಯಾದಲ್ಲಿ, ಈಗಿನ ಜಿಂಬಾಬ್ವೆಯಲ್ಲಿ, ಪಾರ್ಟೋಗ್ರಾಫ್ ಮೇಲೆ, ಅಂದರೆ ಹೆರಿಗೆ ಹೇಗೆ ಸಾಗುತ್ತಿದೆ ಎಂದು ಗುರುತು ಹಾಕುವ ಪಟ್ಟಿಯ ಮೇಲೆ, ಎಚ್ಚರಿಕೆಯ ಗೆರೆ ಎಳೆದರು. ಆಕ್ಟಿವ್ ಫೇಸ್‌ನಲ್ಲಿ ಗರ್ಭಕೋಶದ ಬಾಯಿ ಗಂಟೆಗೆ 1 ಸೆಂ.ಮೀ. ತೆರೆಯಬೇಕು ಎಂಬುದು ಅದರ ಲೆಕ್ಕ. ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ 4 ಸೆಂ.ಮೀ.ಯಿಂದ ಆಕ್ಟಿವ್ ಫೇಸ್ ಎಂದಿತು. 2018ರಲ್ಲಿ ಅದೇ ಸಂಸ್ಥೆ ಅದನ್ನು 5 ಸೆಂ.ಮೀ.ಗೆ ಸರಿಸಿತು, ಗಂಟೆಗೆ 1 ಸೆಂ.ಮೀ. ಎಂಬ ಅಳತೆ ಎಲ್ಲರಿಗೂ ಹೊಂದುವುದಿಲ್ಲ ಎಂದೂ ಹೇಳಿತು. ಅಂದರೆ ತಾಯಿ, ಮಗು ಇಬ್ಬರೂ ಚೆನ್ನಾಗಿದ್ದರೆ ನಿಧಾನ ಎಂಬ ಒಂದೇ ಕಾರಣಕ್ಕೆ ನೋವು ಹೆಚ್ಚಿಸುವ ಡ್ರಿಪ್ ಹಾಕಬೇಕಿಲ್ಲ, ಸಿಸೇರಿಯನ್ನಿಗೆ ಓಡಬೇಕಿಲ್ಲ. ಆ ಸಂಸ್ಥೆಯ ಹೊಸ ಹೆರಿಗೆ ಪಟ್ಟಿ, 2020ರ ಲೇಬರ್ ಕೇರ್ ಗೈಡ್, ಬಂದಿದ್ದು ಇದರ ಮೇಲೆಯೇ. ಜೊತೆಗೆ ಯಾರಿದ್ದಾರೆ, ಕುಡಿಯಲು ಕೊಟ್ಟಿರಾ, ನೋವಿಗೆ ಏನು ಮಾಡಿದಿರಿ ಎಂಬುದನ್ನೂ ಅದರಲ್ಲಿ ಬರೆಯಬೇಕು. ಇದು ನನಗೆ ತುಂಬಾ ಇಷ್ಟವಾಯಿತು. ಭಾರತದ ನಾಲ್ಕು ಆಸ್ಪತ್ರೆಗಳಲ್ಲಿ ಈ ಗೈಡನ್ನು ಬಳಸಿ ನೋಡಿದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರೂ ಅದರಲ್ಲಿದ್ದರು.

ನನಗೆ ಹೊಳೆದದ್ದು ‘ಎಳೆನೋವು’ ಮತ್ತು ‘ಬಲಿತ ನೋವು’. ಕಾಯಿಗೆ ಎಳೆಯದು, ಬಲಿತದ್ದು ಅಂತೀವಲ್ಲ, ಹಾಗೆ. ‘ಇನ್ನೂ ಎಳೆನೋವು ಕಣಮ್ಮ, ಬಲಿಯಲು ಹೊತ್ತು ಬೇಕು’ ಎಂದು ನರ್ಸ್ ಹೇಳಿದರೆ ಹೆದರಿಕೆ ಆಗುವುದಿಲ್ಲ, ನೋವನ್ನು ಅಲ್ಲಗಳೆದಂತೆಯೂ ಆಗುವುದಿಲ್ಲ. ಒಂದೇ ಅನುಮಾನ: ಸೊಂಟ ಎಳೆಯುವ ನೋವು ಎಂದು ಯಾರಾದರೂ ತಿಳಿದುಕೊಂಡರೆ? ಎಳೆತ ಜಾಸ್ತಿ ಇರುವುದೂ ಅಲ್ಲೇ ಅಲ್ವಾ.

ಉತ್ತರ ಕರ್ನಾಟಕದವರು ನೋವಿಗೆ ಬೇನೆ ಅನ್ನುತ್ತಾರೆ. ಅಲ್ಲಿ ಮೊದಮೊದಲ ಬೇನೆಗೆ ಬೇರೆ ಹೆಸರಿದೆಯಾ? ಕರಾವಳಿ, ಮಲೆನಾಡಿನ ಸೂಲಗಿತ್ತಿಯರ ಬಾಯಲ್ಲಿ ಏನಿತ್ತು? ಇನ್ನೊಂದು ಕೊರತೆ: ಹೆರುವ ತನಕ ಬಸುರಿ, ಹೆತ್ತ ಮೇಲೆ ಬಾಣಂತಿ. ನೋವು ತಿನ್ನುತ್ತಿರುವ ಆ ಹೊತ್ತಿನಲ್ಲಿ ಅವಳನ್ನು ಏನೆಂದು ಕರೆಯೋಣ? ಸದ್ಯಕ್ಕೆ ‘ಹೆರಿಗೆಯಾಗುತ್ತಿರುವ ತಾಯಿ’ ಎಂದು ಬರೆದಿದ್ದೇನೆ. ಪ್ರತಿ ಸಾಲಿನಲ್ಲೂ ಹಾಗೆ ಬರೆದರೆ ಉದ್ದವಾಗುತ್ತಿದೆ. ಚಿಕ್ಕ ಪದ ಗೊತ್ತಿದ್ದವರು ತಿಳಿಸಿ, ಯಾವ ಕಡೆಯ ಮಾತು ಎಂಬುದನ್ನೂ ಬರೆಯಿರಿ.