‘ಕಕ್ಕು’: ಕುಡುಗೋಲಿನ ಬಾಯಿಗೆ ಸಂಬಂಧಿಸಿದ ಒಂದು ಪದದ ಅರ್ಥ ಮತ್ತು ಬಳಕೆ

ಮಾನ್ಯರೇ,

ಕುಲುಮೆಗೆ ಸಂಬಂಧಿಸಿದ ‘ಕಕ್ಕು’ ಎಂಬ ಪದದ ಅರ್ಥವ್ಯಾಪ್ತಿಯನ್ನು ಖಚಿತಪಡಿಸಿಕೊಳ್ಳುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ. ಹೊಟ್ಟೆಯಲ್ಲಿರುವುದನ್ನು ಹೊರಹಾಕುವುದೆಂಬ ಅರ್ಥದ ಕ್ರಿಯಾಪದ ಇದಲ್ಲ. ಕುಡುಗೋಲಿನ ಬಾಯಿಯ ಉದ್ದಕ್ಕೂ ಕಮ್ಮಾರನು ಕಡಿದಿರುವ ಸಣ್ಣ ಹಲ್ಲುಗಳ ಸಾಲನ್ನೂ ಬೀಸುವ ಕಲ್ಲಿನ ಮೈಯ ತರಿಯನ್ನೂ ಹೇಳುವ ನಾಮಪದ ಇದು. ತುಮಕೂರು ಸೀಮೆಯ ನಮ್ಮ ಊರಿನಲ್ಲಿ ರಾಗಿಯ ಕೊಯ್ಲಿಗೆ ಮುಂಚೆ ನಮ್ಮ ಅಜ್ಜ ಮನೆಯ ಕುಡುಗೋಲುಗಳನ್ನೆಲ್ಲ ಗೋಣಿತಾಟಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, ‘ಆಚಾರ್ರತ್ರ ಹೋಗಿ ಕಕ್ಕು ಹಾಕಿಸ್ಕೊಂಡು ಬಾ’ ಎನ್ನುತ್ತಿದ್ದರು.

ಹಳೆಯ ಕೈ ಉಪಕರಣಗಳನ್ನು ಕೂಡಿಹಾಕಿ ಅವುಗಳಿಗೆ ಕನ್ನಡದಲ್ಲಿ ವಿವರಣೆ ಬರೆಯುವ ಕೆಲಸದಲ್ಲಿ ಈಗ ತೊಡಗಿದ್ದೇನೆ. ಕುಡುಗೋಲು, ಬಾಚಿ, ಉಳಿ, ಈಳಿಗೆಮಣೆ ಇವುಗಳ ಹೆಸರು ಬರೆಯುವುದು ಕಷ್ಟವಾಗಲಿಲ್ಲ. ಆದರೆ ಕುಡುಗೋಲಿನ ಮುಂದೆ ‘ಹಲ್ಲುಗಳುಳ್ಳದ್ದು’ ಎಂದು ಬರೆದಾಗ ಏನೋ ಕೈಬಿಟ್ಟುಹೋಯಿತೆಂದು ನನಗೆ ಅನ್ನಿಸಿತು. ಹಲ್ಲು ಎಂದರೆ ಒಂದೊಂದಾಗಿ ಎಣಿಸಬಹುದಾದದ್ದು. ಬೀಸುವ ಕಲ್ಲಿಗೆ ಹಲ್ಲಿಲ್ಲ, ಆದರೂ ಅದರ ಮೈ ನುಣುಪಾದಾಗ ಉಳಿ ಹಿಡಿದು ಕುಟ್ಟಿ ಕಕ್ಕು ಹಾಕುತ್ತಾರೆ. ಹಾಗಾದರೆ ಕಕ್ಕು ಎನ್ನುವುದು ಹಲ್ಲಿಗೆ ಇನ್ನೊಂದು ಹೆಸರಲ್ಲ, ಹಿಡಿದುಕೊಂಡು ಕತ್ತರಿಸುವ ಅಥವಾ ಅರೆಯುವ ಒರಟುತನದ ಹೆಸರು ಎಂಬುದು ನನ್ನ ತಿಳಿವಳಿಕೆ.

ಕೆಲಸದ ಕ್ರಮವನ್ನು ನೋಡಿದರೂ ಇದೇ ತೋರುತ್ತದೆ. ಸವೆದ ಕುಡುಗೋಲನ್ನು ತಿದಿಯೊತ್ತಿ ಕೆಂಪಗೆ ಕಾಯಿಸಿ, ಅಡಿಗಲ್ಲಿನ ಮೇಲೆ ತಟ್ಟಿ ಬಾಯನ್ನು ತೆಳುವಾಗಿಸಿ, ಲೋಹ ಇನ್ನೂ ಮೆತುವಾಗಿರುವಾಗಲೇ ಚೂಪಾದ ಉಳಿಯಿಂದ ಒತ್ತೊತ್ತಾಗಿ ಓರೆಗೆರೆಗಳನ್ನು ಕಡಿಯುತ್ತಾರೆ. ಆಮೇಲೆ ಮತ್ತೆ ಕಾಯಿಸಿ ನೀರಿಗಿಟ್ಟು ಗಡುಸು ಮಾಡುತ್ತಾರೆ. ಗೆರೆಗಳು ಅಲಗಿನ ಒಂದೇ ಮಗ್ಗುಲಿಗಿರುತ್ತವೆ. ಹಲ್ಲುಗಳು ಹಿಡಿಯ ಕಡೆಗೆ ವಾಲಿರುವುದರಿಂದ, ಕೊಯ್ಯುವವರು ತಮ್ಮತ್ತ ಎಳೆದಾಗ ಪೈರಿನ ಬುಡ ಜಾರದೆ ಕಚ್ಚಿಕೊಳ್ಳುತ್ತದೆ. ಲೋಹವನ್ನು ಉಜ್ಜಿ ಸವೆಸುವ ಅರದ ಮೈಯ ಗೆರೆಗಳನ್ನೂ ಒಂದು ಕಾಲದಲ್ಲಿ ಹೀಗೆಯೇ ಕೈಯಿಂದ ಕಡಿಯುತ್ತಿದ್ದರು. ಆದ್ದರಿಂದ ‘ಅರದ ಕಕ್ಕು’ ಎಂದು ಬರೆದರೆ ತಪ್ಪಾಗಲಾರದು ಎಂದು ಭಾವಿಸಿದ್ದೇನೆ.

ಪದದ ಮೂಲದ ವಿಷಯದಲ್ಲಿ ನನಗೆ ಕಂಡದ್ದನ್ನು ತಿಳಿಸುತ್ತೇನೆ. ತಮಿಳಿನಲ್ಲಿ ಕುಡುಗೋಲಿನ ಹಲ್ಲಿಗೂ ತಾಳೆಗರಿಯ ದಿಂಡಿನ ಗರಗಸದಂಥ ಅಂಚಿಗೂ ‘ಕರುಕ್ಕು’ ಎನ್ನುತ್ತಾರೆ. ಕನ್ನಡದ ‘ಕರ್ಕು’ ರೂಪದಲ್ಲಿ ರಕಾರವು ಮುಂದಿನ ವ್ಯಂಜನದಲ್ಲಿ ಸೇರಿಹೋಗಿ ‘ಕಕ್ಕು’ ಆಗಿದೆ. ‘ಬೆರ್ಕು’ ಬೆಕ್ಕಾದಂತೆ, ‘ಸೊರ್ಕು’ ಸೊಕ್ಕಾದಂತೆ. ನನಗೆ ಬಹಳ ಸಂತೋಷ ಕೊಟ್ಟ ಸಂಗತಿಯೆಂದರೆ, ಅದೇ ಕುಲುಮೆಯ ಇನ್ನೆರಡು ಪದಗಳೂ ಇದೇ ದಾರಿಯಲ್ಲಿ ನಡೆದುಬಂದಿವೆ: ‘ಕರ್ಬುನ’ ಕಬ್ಬಿಣವಾಯಿತು, ‘ಉರ್ಕು’ ಉಕ್ಕಾಯಿತು. ಗರಗಸವನ್ನು ಮಾತ್ರ ಈ ಗುಂಪಿಗೆ ಸೇರಿಸಬಾರದು. ಧ್ವನಿ ಹತ್ತಿರವಿದ್ದರೂ ಅದು ಸಂಸ್ಕೃತದ ‘ಕ್ರಕಚ’ದ ತದ್ಭವ.

ಇವುಗಳಲ್ಲಿ ‘ಉಕ್ಕು’ ಎಂಬ ಪದ ಬಹಳ ದೂರ ಹೋಗಿದೆ. 1795ರಲ್ಲಿ ಜಾರ್ಜ್ ಪಿಯರ್‌ಸನ್ ಎಂಬ ವೈದ್ಯ-ರಸಾಯನಜ್ಞ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಭಾರತದ ಉಕ್ಕನ್ನು ‘ವೂಟ್ಸ್’ ಎಂಬ ಹೆಸರಿನಿಂದ ವಿವರಿಸಿದನು. ಅದು ನಮ್ಮ ‘ಉಕ್ಕು’ ಪದದ ಬರವಣಿಗೆಯಲ್ಲಿ ಆದ ತಪ್ಪಿನಿಂದ ಹುಟ್ಟಿದ ರೂಪವೆಂದು 1886ರ ‘ಹಾಬ್ಸನ್-ಜಾಬ್ಸನ್’ ನಿಘಂಟು ಊಹಿಸಿದೆ. ಜೇಮ್ಸ್ ಸ್ಟೋಡಾರ್ಟ್ ಎಂಬ ಲಂಡನ್ನಿನ ಕತ್ತಿ-ಕತ್ತರಿ ತಯಾರಕನು ಶಸ್ತ್ರಚಿಕಿತ್ಸೆಯ ಉಪಕರಣಗಳನ್ನೂ ಕ್ಷೌರದ ಕತ್ತಿಗಳನ್ನೂ ಈ ಉಕ್ಕಿನಿಂದಲೇ ಮಾಡಿ, ಯುರೋಪಿನ ಅತ್ಯುತ್ತಮ ಉಕ್ಕಿಗಿಂತ ಇದೇ ತನಗೆ ಮೇಲೆಂದು ತನ್ನ ವ್ಯಾಪಾರದ ಚೀಟಿಯಲ್ಲಿ ಅಚ್ಚು ಹಾಕಿಸಿದ್ದನು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ನಮ್ಮ ಮಧುಗಿರಿ, ಮಾಗಡಿ ಕಡೆಯ ಕಬ್ಬಿಣ ಮತ್ತು ಉಕ್ಕಿನ ಕುಲುಮೆಗಳ ಕೆಲಸವನ್ನು ಬರೆದಿಟ್ಟಿದ್ದಾನೆ. ಹೀಗೆ ಉಕ್ಕಿಗೆ ಲೋಕದ ನಿಘಂಟುಗಳಲ್ಲಿ ಜಾಗ ಸಿಕ್ಕಿತು. ಅದರ ಒಡಹುಟ್ಟಿದಂತಿರುವ ಕಕ್ಕು ರೈತರ ಬಾಯಲ್ಲಷ್ಟೇ ಉಳಿದುಕೊಂಡಿತು.

ಈಗ ಅಲ್ಲಿಯೂ ಅದು ಅಪರೂಪವಾಗುತ್ತಿದೆ. ಅಂಗಡಿಯಲ್ಲಿ ಕೊಂಡ ಕುಡುಗೋಲಿನ ಹಲ್ಲು ಸವೆದರೆ ಎಸೆದು ಹೊಸದನ್ನು ತರುತ್ತಾರೆ. ಯಾರೂ ಯಾರಿಂದಲೂ ಕಕ್ಕು ‘ಹಾಕಿಸುವುದಿಲ್ಲ’. ಸುಗ್ಗಿಯಲ್ಲಿ ಕಣಕ್ಕೆ ಬಂದು ಧಾನ್ಯದ ಆಯ ಪಡೆಯುತ್ತಿದ್ದ ಕಮ್ಮಾರನಿಗೂ ವರ್ಷವಿಡೀ ಅವನ ಕುಲುಮೆಗೆ ನಡೆದುಹೋಗುತ್ತಿದ್ದ ಒಕ್ಕಲಿಗೂ ಇದ್ದ ಸಂಬಂಧವು ಆ ಪ್ರೇರಣಾರ್ಥಕ ರೂಪದಲ್ಲಿಯೇ ಅಡಗಿದೆ. ಉಪಕರಣವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಹೆಸರು ಉಳಿಯುತ್ತದೆ, ಕ್ರಿಯಾಪದ ಉಳಿಯುವುದಿಲ್ಲ. ಆದ್ದರಿಂದಲೇ ವಿವರಣೆಯಲ್ಲಿ ‘ಕಕ್ಕು ಹಾಕಿಸಿದ ಕುಡುಗೋಲು’ ಎಂದೇ ಬರೆಯಬೇಕೆಂಬುದು ನನ್ನ ಬಯಕೆ.

ಬಲ್ಲವರಲ್ಲಿ ನನ್ನ ಕೋರಿಕೆ ಇದು. ನಿಮ್ಮ ಕಡೆಯಲ್ಲಿ ಈ ಪದವು ಕಕ್ಕು, ಕರ್ಕು, ಗರ್ಕು ಇವುಗಳಲ್ಲಿ ಯಾವ ರೂಪದಲ್ಲಿದೆ, ಕುಡುಗೋಲಿಗೂ ಕಲ್ಲಿಗೂ ಒಂದೇ ಪದವನ್ನು ಬಳಸುತ್ತಾರೆಯೇ, ಅದರೊಡನೆ ‘ಹಾಕು’ ಬರುತ್ತದೆಯೇ, ‘ಹೊಡೆ’ ಅಥವಾ ‘ಕಡಿ’ ಬರುತ್ತದೆಯೇ ಎಂಬುದನ್ನು ದಯವಿಟ್ಟು ತಿಳಿಸಿರಿ. ಕುಲುಮೆ ಇನ್ನೂ ಉರಿಯುತ್ತಿರುವ ಊರಿನವರು ಅಲ್ಲಿಯ ಆಚಾರರನ್ನೇ ಕೇಳಿ, ಅವರು ಹೇಳಿದ ವಾಕ್ಯವನ್ನು ತಿದ್ದದೆ ಹಾಗೆಯೇ ಬರೆದು ಕಳುಹಿಸಿದರೆ ಹೆಚ್ಚು ಉಪಕಾರವಾಗುತ್ತದೆ.