ಕಕ್ಕಡದ ಮಳೆಯ ಬೆನ್ನಿಗೇ ಬರ ಹೇಗೆ? ಕೃಷಿ ಹವಾಮಾನ ತಜ್ಞರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ದಕ್ಷಿಣ ಕೊಡಗಿನ ಬೆಳೆಗಾರರು): ನಮಸ್ಕಾರ ಸರ್. ಕಕ್ಕಡದ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು) ಆರಂಭದಲ್ಲಿ ನಮ್ಮ ಗದ್ದೆಯ ಬದು ಒಡೆಯುವಷ್ಟು ಮಳೆ ಸುರಿದಿತ್ತು. ಆಮೇಲೆ ಮಳೆ ನಿಂತು ಮೂರು ವಾರ ಕಳೆಯುವಷ್ಟರಲ್ಲಿ ನಾಟಿ ಮಾಡಿದ ಗದ್ದೆ ಬಿರುಕು ಬಿಟ್ಟಿದೆ, ಕಾಳುಮೆಣಸಿನ ಎಳೆಯ ಗೊಂಚಲುಗಳು ಉದುರುತ್ತಿವೆ. ವರ್ಷಕ್ಕೆ ನೂರು ಇಂಚು ಮಳೆ ಕಾಣುವ ಊರಿನಲ್ಲಿ ಇದನ್ನು ಬರ ಎನ್ನಬಹುದೇ? ಎನ್ನಬಹುದಾದರೆ ಇಷ್ಟು ಬೇಗ ಹೇಗೆ ಬಂತು?

ಉತ್ತರ: ನಮಸ್ಕಾರ. ಖಂಡಿತವಾಗಿ ಎನ್ನಬಹುದು, ಇದನ್ನು ದಿಢೀರ್ ಬರ ಎಂದು ಕರೆಯುತ್ತೇವೆ. ಸಾಮಾನ್ಯ ಬರ ಬಲಿಯಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು; ಇದಕ್ಕೆ ಕೆಲವು ವಾರಗಳು ಸಾಕು. ಸಂಶೋಧಕರು ಬಳಸುವ ಅಳತೆಗೋಲುಗಳಲ್ಲಿ ಒಂದು ಹೀಗಿದೆ: ಒಂದು ಸ್ಥಳದಲ್ಲಿ ವರ್ಷದ ಅದೇ ಸಮಯಕ್ಕೆ ಹಲವು ವರ್ಷ ದಾಖಲಾದ ಬೇರುವಲಯದ ತೇವಾಂಶವನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ, ನೂರರಲ್ಲಿ 40ನೆಯ ಸ್ಥಾನದ ಮೇಲಿದ್ದ ತೇವಾಂಶ ಸುಮಾರು 20 ದಿನಗಳೊಳಗೆ 20ನೆಯ ಸ್ಥಾನಕ್ಕಿಂತ ಕೆಳಗಿಳಿದರೆ ಅದು ದಿಢೀರ್ ಬರ. ಈ ಅಳತೆಯಲ್ಲಿ ವಾರ್ಷಿಕ ಮಳೆಯ ಮೊತ್ತಕ್ಕೆ ಸ್ಥಾನವೇ ಇಲ್ಲ ಎಂಬುದನ್ನು ಗಮನಿಸಿ.

ಮಣ್ಣು ಹಿಡಿದಿಟ್ಟುಕೊಳ್ಳುವ ನೀರಿಗೆ ಒಂದು ಮಿತಿಯಿದೆ. ಗೋಡುಮಣ್ಣಿನ ಮೇಲಿನ ಒಂದು ಅಡಿಯಲ್ಲಿ ಗಿಡಕ್ಕೆ ದಕ್ಕುವ ನೀರು ಸ್ಥೂಲವಾಗಿ 40ರಿಂದ 50 ಮಿಲಿಮೀಟರ್, ಅಂದರೆ ಎರಡು ಇಂಚಿನ ಒಳಗೆ. ಜುಲೈನಲ್ಲಿ ಒಂದೇ ದಿನ ಎಂಟು ಇಂಚು ಸುರಿದರೂ ಹೆಚ್ಚುವರಿ ನೀರು ಇಳಿಜಾರಿನಲ್ಲಿ ತೋಡು ಸೇರಿ ಹೊಳೆಗೆ ಹೋಗುತ್ತದೆ, ಇಲ್ಲವೇ ಬೇರಿಗೆ ಸಿಗದಷ್ಟು ಆಳಕ್ಕೆ ಇಳಿಯುತ್ತದೆ. ಮೋಡ ಸರಿದು ಬಿಸಿಲು ಬಿದ್ದ ಮೇಲೆ ಮಣ್ಣು ಮತ್ತು ಎಲೆಗಳಿಂದ ದಿನಕ್ಕೆ ನಾಲ್ಕೈದು ಮಿಲಿಮೀಟರ್ ನೀರು ಆವಿಯಾಗುತ್ತದೆ. ಹತ್ತು ಹನ್ನೆರಡು ದಿನಗಳಲ್ಲಿ ಆ ಮೇಲ್ಪದರದ ದಾಸ್ತಾನು ಮುಗಿಯುತ್ತದೆ. ಮಳೆ ಮಾಪಕ ಜಮೆಯನ್ನು ಮಾತ್ರ ಬರೆಯುವ ಲೆಕ್ಕದ ಪುಸ್ತಕ. ಖರ್ಚಿನ ಪುಟ ಅದರಲ್ಲಿ ಇಲ್ಲ.

ಖರ್ಚನ್ನು ಏರಿಸುವುದು ಗಾಳಿಯ ಒಣಗಿಸುವ ಶಕ್ತಿ. ಮಳೆಯ ದಿನ ಉಷ್ಣಾಂಶ 22 ಡಿಗ್ರಿ, ಆರ್ದ್ರತೆ ಶೇ. 90 ಇದ್ದರೆ ಗಾಳಿಯಲ್ಲಿ ಆವಿಯ ಕೊರತೆ, ಅಂದರೆ ಗಾಳಿ ಇನ್ನೂ ಹೀರಬಲ್ಲ ಆವಿ, ಸುಮಾರು 0.26 ಕಿಲೋಪಾಸ್ಕಲ್ (ಒತ್ತಡದ ಮಾನ). ಬಿಸಿಲಿನ ಮಧ್ಯಾಹ್ನ ಅದು 28 ಡಿಗ್ರಿ ಮತ್ತು ಶೇ. 60 ಆದರೆ ಕೊರತೆ 1.5 ಕಿಲೋಪಾಸ್ಕಲ್, ಅಂದರೆ ಐದು ಪಟ್ಟಿಗಿಂತ ಹೆಚ್ಚು. ಆರು ಡಿಗ್ರಿ ನಮಗೆ ದೊಡ್ಡ ಸೆಕೆ ಅನ್ನಿಸುವುದಿಲ್ಲ, ಎಲೆಗೆ ಅನ್ನಿಸುತ್ತದೆ. ಇದಕ್ಕೆ ಗಾಳಿಯ ಬೀಸೂ ಸೇರಿದರೆ ಎಲೆಯ ಸುತ್ತಲಿನ ತೇವ ನಿಲ್ಲುವುದೇ ಇಲ್ಲ.

ಮಣ್ಣು ಒಣಗತೊಡಗಿದ ಮೇಲೆ ಇನ್ನೊಂದು ಸುತ್ತು ಶುರುವಾಗುತ್ತದೆ. ಅದುವರೆಗೆ ನೀರನ್ನು ಆವಿ ಮಾಡಲು ಖರ್ಚಾಗುತ್ತಿದ್ದ ಬಿಸಿಲಿನ ಶಕ್ತಿಯ ಹೆಚ್ಚಿನ ಪಾಲು ಈಗ ನೆಲವನ್ನೂ ಗಾಳಿಯನ್ನೂ ಕಾಯಿಸುತ್ತದೆ. ಕಾದ ಗಾಳಿ ಮಣ್ಣಿನಲ್ಲಿ ಉಳಿದ ತೇವವನ್ನು ಮತ್ತಷ್ಟು ಎಳೆಯುತ್ತದೆ. ಮೊದಲ ವಾರ ಏನೂ ಕಾಣದೆ ಮೂರನೆಯ ವಾರ ಎಲ್ಲವೂ ಒಟ್ಟಿಗೆ ಬಾಡಿದಂತೆ ತೋರುವುದಕ್ಕೆ ಇದೂ ಒಂದು ಕಾರಣ.

ಪ್ರಶ್ನೆ (ಮಡಿಕೇರಿಯವರು): ಮುಂಗಾರಿನ ನಡುವೆ ಮಳೆ ಹೀಗೆ ನಿಲ್ಲುವುದಾದರೂ ಏಕೆ? ಇದು ಹೊಸ ವಿದ್ಯಮಾನವೇ?

ಉತ್ತರ: ಮುಂಗಾರಿಗೆ ಬಿಡುವು ಹೊಸದಲ್ಲ. ಉತ್ತರ ಭಾರತದ ಬಯಲಿನಲ್ಲಿರುವ ಮುಂಗಾರಿನ ಕಡಿಮೆ ಒತ್ತಡದ ಪಟ್ಟಿ ಹಿಮಾಲಯದ ತಪ್ಪಲಿಗೆ ಸರಿದಾಗ ಅಲ್ಲಿ ಮಳೆ ಹೆಚ್ಚಿ, ದೇಶದ ಮಧ್ಯಭಾಗದಲ್ಲೂ ಪಶ್ಚಿಮ ಘಟ್ಟದ ಬಹುಭಾಗದಲ್ಲೂ ಮಳೆ ತಗ್ಗುತ್ತದೆ. ಎಲ್ ನಿನೋ (ಪೆಸಿಫಿಕ್ ಸಾಗರದ ನೀರು ವಾಡಿಕೆಗಿಂತ ಬಿಸಿಯಾಗುವ ವಿದ್ಯಮಾನ) ಬೆಳೆಯುತ್ತಿದ್ದ 2023ರ ಆಗಸ್ಟ್‌ನಲ್ಲಿ ದೇಶದ ಮಳೆ ವಾಡಿಕೆಗಿಂತ ಶೇ. 36ರಷ್ಟು ಕಡಿಮೆಯಾಯಿತು, 1901ರಿಂದೀಚೆಗೆ ಅಷ್ಟು ಒಣ ಆಗಸ್ಟ್ ದಾಖಲಾಗಿರಲಿಲ್ಲ. ಬಿಡುವು ಹಳೆಯದಾದರೂ ಅದು ಬರುವ ಹೊತ್ತಿನ ಗಾಳಿ ಈಗ ಹಿಂದಿಗಿಂತ ಬಿಸಿ. ಉಷ್ಣಾಂಶ ಒಂದು ಡಿಗ್ರಿ ಏರಿದರೆ ಗಾಳಿ ಹಿಡಿಯಬಲ್ಲ ಆವಿ ಸುಮಾರು ಶೇ. 7ರಷ್ಟು ಹೆಚ್ಚುವುದರಿಂದ, ಅಷ್ಟೇ ದಿನಗಳ ಬಿಡುವು ಈಗ ಮಣ್ಣನ್ನು ಹೆಚ್ಚು ಒಣಗಿಸುತ್ತದೆ. ನೆರೆಯ ಬೆನ್ನಿಗೆ ಒಣಗುವುದೂ ಅಪರೂಪವಲ್ಲ: 2018ರ ಆಗಸ್ಟ್‌ನ ಮಹಾಪ್ರವಾಹದ ನಂತರ ಕೇರಳದಲ್ಲಿ ಸೆಪ್ಟೆಂಬರ್‌ನಲ್ಲೇ ಹೊಳೆ, ಬಾವಿಗಳ ನೀರು ಇಳಿದಿತ್ತು. ಅಮೆರಿಕದ ಮೆಕ್ಕೆಜೋಳದ ನಾಡಿನಲ್ಲಿ 2012ರ ಬೇಸಿಗೆಯಲ್ಲಿ ಬಂದ ಬರವೂ ಇದೇ ಬಗೆಯದು.

ಪ್ರಶ್ನೆ (ಸಿದ್ದಾಪುರದ ಬೆಳೆಗಾರರು): ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಚೆನ್ನಾಗಿ ಬಿದ್ದು ಬ್ಯಾಕಿಂಗ್ ಮಳೆ (ಆಮೇಲೆ ಕಾಯಿ ಕಚ್ಚಲು ಬೇಕಾದ ಮಳೆ) ತಪ್ಪಿದರೆ ರೋಬಸ್ಟಾ ಕಾಫಿಗೆ ಆಗುವುದೂ ಇದೇಯೇ?

ಉತ್ತರ: ಬಹುಮಟ್ಟಿಗೆ ಇದೇ, ಮಾರ್ಚ್, ಏಪ್ರಿಲ್‌ನಲ್ಲಿ ಬಿಸಿಲು ಹೆಚ್ಚಾದ್ದರಿಂದ ಇನ್ನೂ ಬೇಗ ಆಗುತ್ತದೆ. ರೋಬಸ್ಟಾದ ನೀರು ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲ್ಮಣ್ಣಿನಲ್ಲೇ ಇರುವುದರಿಂದ, ಹೂಮಳೆಯ ಒಂದು ಇಂಚು ನೀರು ವಾರದ ಆಚೆಗೆ ಹೆಚ್ಚು ದಿನ ಬಾಳುವುದಿಲ್ಲ. ಹೂಮಳೆಗೆ ಮುಂಚೆಯೇ ಪೂರ್ತಿ ಮರಗಸಿ (ನೆರಳು ಮರಗಳ ಕೊಂಬೆ ಸವರುವುದು) ಮಾಡಿ ನೆರಳು ತೆರೆಯುವುದು ನನಗೆ ಸರಿ ಕಾಣುವುದಿಲ್ಲ. ತೋಟದೊಳಕ್ಕೆ ಬಿಸಿಲು, ಗಾಳಿ ಎರಡನ್ನೂ ಕರೆದಂತಾಗುತ್ತದೆ. ತರಗೆಲೆಯನ್ನು ಗುಡಿಸಿ ಸುಡದೆ ಗಿಡದ ಬುಡದಲ್ಲೇ ಬಿಡಬೇಕು. ಸ್ಪ್ರಿಂಕ್ಲರ್ ಇರುವವರು ಕೆರೆಯ ನೀರನ್ನೆಲ್ಲ ಹೂವಿಗೇ ಮುಗಿಸದೆ ಬ್ಯಾಕಿಂಗ್‌ಗೂ ಉಳಿಸಿಕೊಳ್ಳಬೇಕು.

ಪ್ರಶ್ನೆ (ಸಿದ್ದಾಪುರದ ಅದೇ ಬೆಳೆಗಾರರು): ದಿಢೀರ್ ಬರ ಬರುವುದನ್ನು ಮುಂಚಿತವಾಗಿ ತಿಳಿಯುವ ದಾರಿ ಇದೆಯೇ ಸರ್?

ಉತ್ತರ: ಸ್ವಲ್ಪಮಟ್ಟಿಗೆ ಇದೆ. ಭಾರತೀಯ ಹವಾಮಾನ ಇಲಾಖೆ ಪ್ರತಿ ಗುರುವಾರ ಮುಂದಿನ ನಾಲ್ಕು ವಾರಗಳ ಮುನ್ಸೂಚನೆ ಹೊರಡಿಸುತ್ತದೆ. ಮೊದಲ ಎರಡು ವಾರಗಳದ್ದನ್ನು ಹೆಚ್ಚು ನಂಬಬಹುದು. ತೋಟದಲ್ಲಿ ಮಳೆ ಮಾಪಕದ ಜೊತೆಗೆ ಗರಿಷ್ಠ ಉಷ್ಣಾಂಶವನ್ನೂ ಮಧ್ಯಾಹ್ನದ ಆರ್ದ್ರತೆಯನ್ನೂ ಬರೆದಿಡಿ. ಮಳೆ ನಿಂತ ಐದಾರು ದಿನಕ್ಕೆ ಗಿಡದ ನೆರಳಿನಲ್ಲಿ ಒಂದು ಗೇಣು ಅಗೆದು, ತಳದ ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿ ನೋಡಿ: ಉಂಡೆ ಕಟ್ಟಿ ಹಾಗೆಯೇ ನಿಂತರೆ ತೇವ ಇನ್ನೂ ಉಳಿದಿದೆ, ಬೆರಳು ತಾಗಿದ ಕೂಡಲೇ ಪುಡಿಯಾದರೆ ದಾಸ್ತಾನು ತಳ ಕಂಡಿದೆ. ಮಧ್ಯಾಹ್ನ ಮೂರಕ್ಕೆ ಜೋತ ಎಲೆ ಮರುದಿನ ಬೆಳಗ್ಗೆ ಏಳಕ್ಕೆ ನೆಟ್ಟಗಾಗಿದ್ದರೆ ಗಾಬರಿ ಬೇಡ, ಬೆಳಗ್ಗೆಯೂ ಜೋತೇ ಇದ್ದರೆ ಅಂದೇ ನೀರು ಕೊಡಬೇಕು. ಗದ್ದೆಗೆ ಬಿರುಕು ಬೀಳುವವರೆಗೆ ಕಾಯಬಾರದು. ಬಿರುಕು ಬಿದ್ದ ಮೇಲೆ ಹಾಯಿಸಿದ ನೀರಿನ ಬಹುಪಾಲು ಆ ಸೀಳುಗಳಲ್ಲೇ ಇಳಿದುಹೋಗುತ್ತದೆ.